ನಲವತ್ತೊಂದನೆಯ ರೋಬೋದ ಬೆಲೆ

ಎಡಗೈ ಸೋತಿದೆ. ಬಿಸ್ಮಿಲ್ಲಾ ಬಿ ಹಳೆಯ ಡೈರಿಯಲ್ಲಿ ಒಂದು ಗೀಟು ಎಳೆದು ಬಿರಡೆಗಳನ್ನು ಮತ್ತೆ ಸಾಲಾಗಿ ಜೋಡಿಸುತ್ತಾರೆ. ಬೆಳಗಿನ ಐದೂವರೆ. ಯಲ್ಲಾಪುರದ ಈ ಎರಡು ಕೋಣೆಯ ಮನೆಯಲ್ಲಿ ಅಡುಗೆಮನೆಯ ನೆಲವೇ ಕಾಳಗದ ಬಯಲು. ಸೋಡಾ ಬಾಟಲಿಯ ಬಿರಡೆಗಳ ಮೇಲೆ ನಂಬರು ಬರೆದ ಚೀಟಿ ಅಂಟಿಸಿದ್ದಾರೆ. ಒಂದು ಬಿರಡೆ ಎಂದರೆ ಒಂದು ರೋಬೋ. ಒಂದು ಪಡೆಯನ್ನು ಎಡಗೈ ನಡೆಸುತ್ತದೆ, ಇನ್ನೊಂದನ್ನು ಬಲಗೈ. ದಾಳದ ಸದ್ದು ಕೇಳದಿರಲೆಂದು ಕೆಳಗೆ ಹಳೆಯ ದುಪಟ್ಟಾ ಹಾಸಿದೆ. ಪಕ್ಕದ ಕೋಣೆಯಲ್ಲಿ ಗಂಡ ಸುಭಾನ್ ಮಲಗಿದ್ದಾರೆ. ಈ ಬೆಳಗಿನ ಆಟ ಅವರಿಗೆ ಗೊತ್ತಾಗಬಾರದು. (ಇಬ್ಬರ ಹೆಸರನ್ನೂ ಇಲ್ಲಿ ಬದಲಿಸಿದೆ.)

"ಹದಿನೇಳಾಯ್ತು, ಇನ್ನು ಮೂರು. ಒಂಬತ್ತರ ಶಿರಸಿ ಬಸ್ಸಿಗೆ ಹಾಳೆ ಕೊಡ್ಬೇಕು" ಎಂದು ಪಿಸುಗುಡುತ್ತಾರೆ.

ಹೊರದೇಶದಲ್ಲಿ ದೊಡ್ಡವರೇ ಮೇಜಿನ ಸುತ್ತ ಕೂತು ಆಡುವ ಆಟವಿದು. ಹೆಬ್ಬೆರಳಿನಷ್ಟು ಎತ್ತರದ ರೋಬೋಗಳು ಒಂದರ ಮೇಲೊಂದು ಗುಂಡು ಹಾರಿಸುತ್ತವೆ. ಪ್ರತಿ ರೋಬೋಗೂ ಇಂತಿಷ್ಟು ಪಾಯಿಂಟ್ ಬೆಲೆ. ಇಬ್ಬರೂ ಮುನ್ನೂರು ಪಾಯಿಂಟ್ ಮೀರದಂತೆ ಪಡೆ ಕಟ್ಟಬೇಕು. ಬೆಲೆ ತಪ್ಪಿದರೆ ಆಟ ಶುರುವಾಗುವ ಮೊದಲೇ ಒಬ್ಬ ಗೆದ್ದಂತೆ. ಆ ಬೆಲೆ ಕಟ್ಟುವ ಕೆಲಸವನ್ನು ಎರಡು ವರ್ಷದಿಂದ, ಅಂದರೆ 2002ರಿಂದ, ಬಿಸ್ಮಿಲ್ಲಾ ಬಿ ಮಾಡುತ್ತಿದ್ದಾರೆ. ಈವರೆಗೆ ಅರವತ್ತನಾಲ್ಕು ರೋಬೋ. ಒಂದೊಂದಕ್ಕೆ ಇಪ್ಪತ್ತು ಆಟ. ಎರಡೂ ಕಡೆ ಹತ್ತು ಹತ್ತು ಗೆದ್ದರೆ ಬೆಲೆ ಸರಿ. ನಡುವೆ ಎರಡೆರಡು ತಾಸಿಗೊಮ್ಮೆ ಎದ್ದು ಗಂಡನ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಆಟದ ಪುಸ್ತಕದ ಕೊನೆಯ ಪುಟದಲ್ಲಿ ದುಡಿದವರ ಹನ್ನೆರಡು ಹೆಸರುಗಳಿವೆ. ಇವರದಿಲ್ಲ.

ಲೆಕ್ಕ ಬಂದದ್ದು ಅಪ್ಪನಿಂದ. ಅವರು ಮರದ ಡಿಪೋದಲ್ಲಿ ದಿಮ್ಮಿ ಅಳೆಯುತ್ತಿದ್ದರು. ಹತ್ತು ವರ್ಷದ ಮಗಳು ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿದರೆ ದಿಮ್ಮಿಯಲ್ಲಿ ಎಷ್ಟು ಮರವಿದೆ ಎಂದು ತಿಳಿಯುತ್ತದೆ. ಬಾಗಿಲಿನ ಚೌಕಟ್ಟಿಗೆ ಮರ ಕೊಳ್ಳಲು ಬಂದಿದ್ದ ಶಿರಸಿಯ ಮಧುಕೇಶ್ವರ ಒಮ್ಮೆ ಈಕೆ ಬಾಯಲ್ಲೇ ಲೆಕ್ಕ ಹೇಳಿದ್ದನ್ನು ಕಂಡಿದ್ದರು. ಮುಂದೆ ಕಂಪ್ಯೂಟರ್ ಅಂಗಡಿ ಇಟ್ಟು, ಹೊರದೇಶದ ಈ ಕೆಲಸ ಹಿಡಿದಾಗ ಅವರಿಗೆ ನೆನಪಾದದ್ದು ಬಿಸ್ಮಿಲ್ಲಾ ಬಿ.

ಆ ಹೊತ್ತಿಗೆ ಸುಭಾನ್ ಅವರ ಲಾರಿ ಅರಬೈಲ್ ಘಟ್ಟದಲ್ಲಿ ಉರುಳಿ ವರ್ಷವಾಗಿತ್ತು. ಸೊಂಟದ ಕೆಳಗೆ ಜೀವವಿಲ್ಲ. ಹಿಡಿದು ಏಳಲೆಂದು ಬಿಸ್ಮಿಲ್ಲಾ ಬಿ ಲಾರಿಯ ತಾಡಪತ್ರಿ ಬಿಗಿಯುವ ಹಗ್ಗವನ್ನೇ ಜಂತಿಗೆ ಕಟ್ಟಿ ಇಳಿಬಿಟ್ಟರು. ಸುಭಾನ್ ಅದನ್ನು ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದರು. ಉಣ್ಣೆಂದರೆ ಉಣ್ಣಲಿಲ್ಲ, ಬೈದರೆ ಬೈಸಿಕೊಂಡರು.

"ಮಾತಾಡ್ಲಿ ಅಂತ ನಾನೇ ಜಗಳ ತೆಗೀತಿದ್ದೆ. ಜಗಳಕ್ಕೂ ಬರ್ತಿರ್ಲಿಲ್ಲ" ಎನ್ನುತ್ತಾರೆ ಬಿಸ್ಮಿಲ್ಲಾ ಬಿ.

ಸುಭಾನ್ ಅವರನ್ನು ಕೊನೆಗೆ ಎಬ್ಬಿಸಿದ್ದು ಲೆಕ್ಕದಲ್ಲಾದ ಒಂದು ತಪ್ಪು. ರೋಬೋಗಳಿಗೂ ಬಿಸ್ಮಿಲ್ಲಾ ಬಿ ದಿಮ್ಮಿಯ ಸೂತ್ರವನ್ನೇ ಹಾಕಿದ್ದರು. ಕವಚ, ಬಂದೂಕುಗಳ ಬಲ ಕೂಡಿಸಿ, ಅದು ಎಷ್ಟು ದೂರ ನಡೆಯುತ್ತದೋ ಅದರಿಂದ ಗುಣಿಸುವುದು. ನಲವತ್ತು ರೋಬೋಗಳಿಗೆ ಸರಿಹೋಯಿತು. ನಲವತ್ತೊಂದನೆಯದಕ್ಕೆ ಕಾಲಿಲ್ಲ. ಇಟ್ಟಲ್ಲೇ ಕೂತು ಗುಂಡು ಹಾರಿಸುತ್ತದೆ. ಸೊನ್ನೆಯಿಂದ ಗುಣಿಸಿದರೆ ಬೆಲೆಯೂ ಸೊನ್ನೆ. ಉದ್ದವೇ ಇಲ್ಲದ ದಿಮ್ಮಿಯನ್ನು ಡಿಪೋದಲ್ಲಿ ಯಾರೂ ಅಳೆದಿರಲಿಲ್ಲ. ಆ ಸಲ ಇಪ್ಪತ್ತು ಆಟ ಆಡಿ ನೋಡಲು ಹೊತ್ತಿರದೆ ಹಾಗೆಯೇ ಅಚ್ಚಾಗಿಹೋಯಿತು. ಗಂಡನನ್ನು ಮಾತಿಗೆಳೆಯಲೆಂದು ಮಂಚದ ಮೇಲೆ ಹಲಗೆ ಇಟ್ಟು ಆಟ ಹೂಡಿದ ದಿನ, ಗೋಡೆಗೆ ಅಂಟಿಸಿದ ಬೆಲೆಪಟ್ಟಿ ನೋಡಿ ಸುಭಾನ್ ಆರಿಸಿದ್ದು ಅದನ್ನೇ. ಪುಕ್ಕಟೆ ಸಿಗುವುದನ್ನು ನಾಲ್ಕು ಮೂಲೆಗೂ ಇಟ್ಟು ಗೆದ್ದರು. ಮಾರನೆಯ ಬೆಳಿಗ್ಗೆ ತಾವಾಗಿ ಹಗ್ಗ ಹಿಡಿದು ಎದ್ದು ಕೂತರು. ಅಂದಿನಿಂದ ಒಂದು ದಿನವೂ ಸೋತಿಲ್ಲ.

ಹೋದ ತಿಂಗಳು ಹೊರದೇಶದಿಂದ ದೂರು ಬಂತು. ಅಲ್ಲಿನವರೂ ನಲವತ್ತೊಂದನ್ನು ಬೇಕಾದಷ್ಟು ತುಂಬಿ ಆಟ ಕೆಡಿಸುತ್ತಿದ್ದಾರೆ. ತಿದ್ದಿದ ಬೆಲೆ ಇಂದು ಹೋಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಮಧುಕೇಶ್ವರ ಹೇಳಿಕಳಿಸಿದ್ದಾರೆ. ಈ ಕೆಲಸ ಬಿಟ್ಟರೆ ಮನೆಗೆ ಬೇರೆ ಆಧಾರವಿಲ್ಲ.

ಸುಭಾನ್ ಒಪ್ಪುತ್ತಿಲ್ಲ. ಎಚ್ಚರಾದವರೇ, "ಬರ್ರಿ ಮೇಡಂ, ಬರ್ಕೊಳ್ರಿ" ಎಂದು ವರದಿಗೆ ಬಂದ ನನ್ನನ್ನು ಒಳಗಿಂದ ಕರೆಯುತ್ತಾರೆ. "ನಮ್ಮ ಹೆಂಡ್ತಿ ಲೋಕಕ್ಕೆಲ್ಲ ರೇಟ್ ಕಟ್ತಾಳೆ, ನಂಗೊಂದು ಕಟ್ಟಿಲ್ಲ."

"ಕಟ್ಟಿದ್ರೆ ತಗೊಳ್ಳೋರ್ಯಾರು?" ಚಹಾ ಸೋಸುತ್ತಲೇ ಬಿಸ್ಮಿಲ್ಲಾ ಬಿ ಕೇಳುತ್ತಾರೆ.

ಸುಭಾನ್ ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. "ನಲವತ್ತೊಂದು ನಂಬರ್ ನಾನೇ. ಕೂತಲ್ಲೇ ಕೂತೋನಿಗೆ ಎಂಥ ಬೆಲೆ? ಸೊನ್ನೆ ಸರಿ ಇದೆ. ಅದನ್ನ ಮುಟ್ಟಿದ್ರೆ ನಾನು ಈ ಹಗ್ಗ ಮುಟ್ಟಲ್ಲ, ನೋಡು ಬಿಸ್ಮಿಲ್ಲಾ."

ಬಿಸ್ಮಿಲ್ಲಾ ಬಿ ಅವರ ಕೈಗೆ ಚಹಾ ಕೊಡುತ್ತಾರೆ. ಅಡುಗೆಮನೆಗೆ ಮರಳಿ ಉಳಿದ ಮೂರು ಆಟ ಮುಗಿಸುತ್ತಾರೆ. ನಲವತ್ತೊಂದಕ್ಕೆ ಐವತ್ತೇಳು ಪಾಯಿಂಟ್ ಇಟ್ಟಾಗ ಎಡಗೈ ಹತ್ತು, ಬಲಗೈ ಹತ್ತು. ರೋಬೋ ನಡೆದ ದೂರ ಅಳೆಯುವ ಅಪ್ಪನ ಟೇಪು ಸುತ್ತಿಡುತ್ತಾ, "ಆ ಪುಸ್ತಕದಲ್ಲಿ ನನ್ ಹೆಸ್ರು ಬೇಡ. ಲೆಕ್ಕ ಸರಿ ಇದ್ರೆ ಸಾಕು" ಎನ್ನುತ್ತಾರೆ.

ಒಂಬತ್ತಕ್ಕೆ ಐದು ನಿಮಿಷವಿದೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಸಂಗಯ್ಯ ಎಂದಿನಂತೆ ಲಕೋಟೆ ಇಸಿದುಕೊಂಡು ಚೀಲಕ್ಕೆ ಹಾಕುತ್ತಾರೆ. ಒಳಗಿನ ಹಾಳೆಯಲ್ಲಿ ಐವತ್ತೇಳು ಎಂದಿದೆ. ಬಸ್ಸು ತಿರುವು ದಾಟುವವರೆಗೂ ಬಿಸ್ಮಿಲ್ಲಾ ಬಿ ಅಲ್ಲೇ ನಿಲ್ಲುತ್ತಾರೆ.

ಮನೆಯ ಗೋಡೆಯ ಮೇಲೆ ಹಳೆಯ ಪಟ್ಟಿ ಹಾಗೇ ಇದೆ. ಪೆನ್ಸಿಲ್ ಹಿಡಿದು ಅದರೆದುರು ನಿಲ್ಲುತ್ತಾರೆ. ನಲವತ್ತೊಂದರ ಮುಂದಿನ ಸೊನ್ನೆಯ ಮೇಲೆ ಬೆರಳಾಡುತ್ತದೆ. ಪೆನ್ಸಿಲನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತಾರೆ.

"ಕೊಟ್ಟು ಬಂದ್ಯಾ?" ಸುಭಾನ್ ಕೇಳುತ್ತಾರೆ.

"ಹೂಂ. ಆಟಕ್ಕೆ ಏಳ್ರಿ."

ಸುಭಾನ್ ಪಟ್ಟಿಯ ಸೊನ್ನೆಯತ್ತ ಒಮ್ಮೆ ಕಣ್ಣು ಹಾಯಿಸಿ ಹಗ್ಗಕ್ಕೆ ಕೈ ಚಾಚುತ್ತಾರೆ. ಜಂತಿ ಕಿರುಗುಡುತ್ತದೆ. "ನಲವತ್ತೊಂದು ಐದು ಕೊಡು."

ಬಿಸ್ಮಿಲ್ಲಾ ಬಿ ಐದು ಬಿರಡೆ ಎಣಿಸಿ ಅವರ ಕಡೆಗೆ ಇಡುತ್ತಾರೆ.