ಹೇಳಿಕೊಟ್ಟ ಪಾಠ ತಿದ್ದಲು ಬಂದವರು

ಹೋದ ವಾರ ನಮ್ಮ ಬೀದಿಯ ಇಸ್ತ್ರಿ ಗಾಡಿಯ ಹತ್ತಿರ ನಿಂತಿದ್ದೆ. ಇಸ್ತ್ರಿಯವನು ಗಂಜಿ ಹಾಕಿದ ಬಿಳಿ ಸೀರೆಯೊಂದರ ಮೇಲೆ ನೀರು ಚಿಮುಕಿಸಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಎಳೆದ. ಚುಯ್ ಎಂದು ಹಬೆ ಎದ್ದಿತು. ತಳ ಹತ್ತಿದ ಅನ್ನದಂಥ ವಾಸನೆ... ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು. "ಅಮ್ಮಾ, ನಿಮ್ ಬಟ್ಟೆ ಆಯ್ತು" ಎಂದು ಅವನು ಎರಡು ಸಲ ಕೂಗಬೇಕಾಯಿತು.

ಅದು ನಮ್ಮ ಸಿಸ್ಟರ್ ತರಗತಿಯೊಳಗೆ ಬಂದರೆ ಬರುತ್ತಿದ್ದ ವಾಸನೆ.

ಎಪ್ಪತ್ತರ ದಶಕದ ನಡುವಿನ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿ, ಗುಬ್ಬಿ ಕಡೆಯ ಹಳ್ಳಿಯಿಂದ ತಗಡಿನ ಟ್ರಂಕು ಹೊತ್ತು ತುಮಕೂರಿನ ಒಂದು ನರ್ಸಿಂಗ್ ಶಾಲೆಗೆ ಬಂದಿದ್ದೆ. ಹಳ್ಳಿಗಳ ಸಬ್‌ಸೆಂಟರುಗಳಿಗೆ ನರ್ಸುಗಳನ್ನು ತಯಾರು ಮಾಡುವ ಎರಡು ವರ್ಷದ ತರಬೇತಿ ಅದು. ಅಲ್ಲಿ ಪಾಠ ಹೇಳುತ್ತಿದ್ದ ಟ್ಯೂಟರನ್ನು ನಾವೆಲ್ಲ ಬರೀ ಸಿಸ್ಟರ್ ಎಂದು ಕರೆಯುತ್ತಿದ್ದೆವು. ನಲವತ್ತೈದರ ಆಸುಪಾಸಿನವರು, ಮದುವೆಯಾಗಿರಲಿಲ್ಲ. ನಡೆದರೆ ಅವರ ಸೀರೆ ಹೊಸ ಕಾಗದದ ಹಾಗೆ ಸದ್ದು ಮಾಡುತ್ತಿತ್ತು. ಬೈದರೆ ಮೂರು ದಿನ ಊಟ ಸೇರದಂತೆ ಬೈಯುತ್ತಿದ್ದರು.

ಇಂಜೆಕ್ಷನ್ ಕೊಡಲು ನನಗೆ ಕೈ ನಡುಗುತ್ತಿತ್ತು. ಎಲ್ಲರೂ ಕಲಿತರೂ ನಾನು ಸೂಜಿ ಹಿಡಿದು ಅಳುತ್ತಾ ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಸಿಸ್ಟರ್ ಬಾಗಿಲು ಮುಂದೆ ಮಾಡಿ, ತಮ್ಮ ರವಿಕೆಯ ತೋಳು ಮಡಚಿ, "ಚುಚ್ಚು" ಎಂದರು. ಬರೀ ನೀರು ತುಂಬಿದ ಸಿರಿಂಜು. ಮೂರು ಸಲ ತಪ್ಪಿದೆ. ನಾಲ್ಕನೆಯ ಸಲ ಸರಿಯಾಗಿ ಇಳಿಯಿತು. ಅವರು ತೋಳು ಉಜ್ಜಿಕೊಳ್ಳುತ್ತಾ, "ಈಗ ಹೋಗಿ ಮುಖ ತೊಳ್ಕೋ. ನಿನ್ನ ಕೈ ನಡುಗಿದ್ರೆ ಪೇಷೆಂಟಿಗೆ ಜೀವವೇ ನಡುಗತ್ತೆ" ಎಂದರು. ಅವತ್ತಿನಿಂದ ಅವರು ಹೇಳಿದ್ದೇ ನನಗೆ ವೇದವಾಯಿತು.

ಅವರ ಹತ್ತಿರ ರಟ್ಟು ಕಟ್ಟಿದ ಒಂದು ನೋಟ್ ಪುಸ್ತಕವಿತ್ತು. ತಾವು ಓದುವಾಗ ಬರೆದುಕೊಂಡದ್ದು. ಹದಿನೆಂಟು ವರ್ಷದಿಂದ ಅದನ್ನೇ ನೋಡಿ ಪಾಠ. ಅಷ್ಟು ವರ್ಷದಲ್ಲಿ ಅವರನ್ನು ಯಾರೂ ಯಾವ ತರಬೇತಿಗೂ ಕಳಿಸಿರಲಿಲ್ಲ. ಕಲಿಸುವವರೂ ಮತ್ತೆ ಕಲಿಯಬೇಕು ಎಂಬ ಯೋಚನೆ ಆಗ ಯಾರಿಗೂ ಇದ್ದಂತಿರಲಿಲ್ಲ. ಆ ಪುಸ್ತಕದಿಂದ ಬರೆಸಿದ ಒಂದು ಪಾಠವನ್ನು ನಾವು ಎದ್ದು ನಿಂತು ಒಪ್ಪಿಸಬೇಕಿತ್ತು. ವಾಂತಿಭೇದಿಯಾದ ಮಗುವಿನ ಹೊಟ್ಟೆಗೆ ವಿಶ್ರಾಂತಿ ಕೊಡಬೇಕು. ಇಪ್ಪತ್ತನಾಲ್ಕು ಗಂಟೆ ಏನೂ ಕೊಡಬಾರದು. ನೀರು ಕೂಡ ತುಟಿ ಒದ್ದೆಯಾಗುವಷ್ಟು ಮಾತ್ರ...

ತರಬೇತಿ ಮುಗಿದ ಮೇಲೆ ನನ್ನನ್ನು ಬಿದರೆಹಳ್ಳಿ ಕಾವಲ್ ಕಡೆಯ ಒಂದು ಹಳ್ಳಿಗೆ ಹಾಕಿದರು. ಒಂದು ರೈತರ ಮನೆಯ ಮುಂದಿನ ಕೋಣೆಯಲ್ಲಿ ನನ್ನ ವಾಸ. ಮನೆಯಲ್ಲಿ ಒಬ್ಬ ಅಜ್ಜಿ, ಅವರ ಮಗ, ಸೊಸೆ, ಒಂದೂವರೆ ವರ್ಷದ ಹೆಣ್ಣುಮಗು. ಸೊಸೆಗೂ ನನಗೂ ಒಂದೇ ವಯಸ್ಸು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮಗು ಬೆಳಿಗ್ಗೆ ಎದ್ದರೆ ಮೊದಲು ನನ್ನ ಕೋಣೆಗೆ ಬಂದು, ನನ್ನ ಔಷಧಿ ಪೆಟ್ಟಿಗೆಯ ಮೇಲೆ ಹತ್ತಿ ಕೂರುತ್ತಿತ್ತು.

ಎರಡನೆಯ ಬೇಸಿಗೆಯಲ್ಲಿ ಮಗುವಿಗೆ ಭೇದಿ ಹತ್ತಿತು. ಬೆಳಗಿನಿಂದ ಲೆಕ್ಕವಿಲ್ಲದಷ್ಟು ಸಲ. ಅಜ್ಜಿ ಒಲೆ ಮುಂದಿನಿಂದ ಬಟ್ಟಲು ಹಿಡಿದು ಬಂದರು.

"ನರ್ಸಮ್ಮ, ಒಂಚೂರು ಅನ್ನದ್ ತಿಳೀಗೆ ಉಪ್ಪಾಕಿ ಕುಡುಸ್ತೀನಿ. ನಮ್ ಕಾಲ್ದಾಗೆ ಅಂಗೇ ಮಾಡ್ತಿದ್ದಿದ್ದು."

"ಬೇಡ ಅಜ್ಜಿ" ಎಂದೆ. "ಹೊಟ್ಟೆಗೆ ರೆಸ್ಟ್ ಬೇಕು. ನಾಳೆ ಬೆಳಿಗ್ಗೆವರ್ಗೂ ಏನೂ ಹಾಕ್ಬೇಡಿ. ನೀರೂ ಬೇಡ."

ಅಜ್ಜಿ ಬಟ್ಟಲನ್ನು ವಾಪಸು ತೆಗೆದುಕೊಂಡು ಹೋದರು. ಓದಿದವಳು ಹೇಳುತ್ತಿದ್ದಾಳೆ ಎಂಬ ನಂಬಿಕೆ. ಮಗು ಮೂಲೆಯಲ್ಲಿದ್ದ ನೀರಿನ ಚೊಂಬಿನ ಕಡೆಗೆ ಕೈ ಚಾಚಿ ಅತ್ತಿತು. ತಾಯಿ ನನ್ನ ಮುಖ ನೋಡಿದಳು. ನಾನು ಚೊಂಬನ್ನು ಕಣ್ಣಿಗೆ ಕಾಣದ ಹಾಗೆ ಒಳಗಿಡಲು ಹೇಳಿದೆ. ಸಂಜೆಯ ಹೊತ್ತಿಗೆ ಅಳುವಿನಲ್ಲಿ ಕಣ್ಣೀರು ಬರುವುದು ನಿಂತಿತ್ತು. ಅದು ಏನು ಸೂಚನೆ ಎಂಬುದು ನನಗೆ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿ ಗುಬ್ಬಿ ಆಸ್ಪತ್ರೆಗೆ ಹೊರಟೆವು. ಕೆರೆ ಏರಿ ಹತ್ತುವಾಗ ಮಗು ತಾಯಿಯ ತೊಡೆಯ ಮೇಲೆಯೇ ಹೋಯಿತು. ಪಕ್ಕದಲ್ಲಿ ಕೆರೆ ತುಂಬ ನೀರು...

ಅವರು ನನ್ನನ್ನು ದೂರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಜ್ಜಿಯೇ ನನ್ನ ಕೋಣೆಗೆ ಬಂದು, "ಅಳ್ಬ್ಯಾಡ ಬುಡವ್ವ. ನೀನೇನ್ ಕಮ್ಮಿ ಮಾಡ್ದೆ? ನಮ್ಗೆ ಅದ್ರ ಋಣ ಇರ್ನಿಲ್ಲ" ಎಂದು ತಲೆ ಸವರಿದರು. ನಾನೂ ಹಾಗೆಯೇ ನಂಬಿದೆ. ಪಾಠದಲ್ಲಿ ಇದ್ದ ಹಾಗೆ ಮಾಡಿದ್ದೇನೆ, ಇನ್ನೇನು ಮಾಡಲಾಗುತ್ತಿತ್ತು ಎಂದುಕೊಂಡೆ.

ಸುಮಾರು ಒಂದು ವರ್ಷ ಕಳೆದಿತ್ತು. ಒಂದು ಭಾನುವಾರ ಬೆಳಿಗ್ಗೆ ಗುಬ್ಬಿಯ ಪ್ರೈವೇಟ್ ಬಸ್ಸಿನಿಂದ ಸಿಸ್ಟರ್ ಇಳಿದು ಬಂದರು. ನನಗೆ ಹಬ್ಬವಾದಂತೆ ಆಯಿತು. ಜಗಲಿಯ ಮೇಲೆ ಚಾಪೆ ಹಾಸಿದೆ. ಸೊಸೆ ಅಲ್ಲೇ ರಾಗಿ ಕೇರುತ್ತಾ ಕೂತಿದ್ದಳು. ಅವಳಿಗೆ ಆಗ ಮತ್ತೆ ಐದು ತಿಂಗಳು.

ಸಿಸ್ಟರ್ ಕುಶಲ ಕೇಳಲಿಲ್ಲ. ಕೊನೆಗೂ ತಮ್ಮನ್ನು ಬೆಂಗಳೂರಿಗೆ, ಟ್ಯೂಟರುಗಳ ತರಬೇತಿಗೆ ಕಳಿಸಿದರೆಂದು ಹೇಳಿದರು. "ಈ ವಯಸ್ಸಲ್ಲಿ ನಂಗ್ಯಾಕೆ ಕ್ಲಾಸು ಅಂತ ಗೊಣಗ್ತಾನೇ ಹೋದೆ ಕಣೇ" ಎಂದರು. ಅಲ್ಲಿ ಅವರ ಅರ್ಧ ವಯಸ್ಸಿನ ಡಾಕ್ಟರೊಬ್ಬಳು ಪಾಠ ಮಾಡಿದಳಂತೆ. ಭೇದಿಯಾದ ಮಗು ಸಾಯುವುದು ಭೇದಿಯಿಂದಲ್ಲ, ಮೈಯ ನೀರು ಬತ್ತಿ; ಮೊದಲ ಗಳಿಗೆಯಿಂದಲೇ ಕುಡಿಸುತ್ತಾ ಇರಬೇಕು ಎಂದಳಂತೆ. ಸಿಸ್ಟರ್ ಎದ್ದು ನಿಂತು, ಹಾಗಾದರೆ ನಾನು ಇಷ್ಟು ವರ್ಷ ಹೇಳಿಕೊಟ್ಟದ್ದು, ಎಂದು ಕೇಳಿದರಂತೆ. ಹಳೆಯದನ್ನು ಬಿಡಿ ಸಿಸ್ಟರ್, ಇನ್ನು ಮುಂದೆ ಹೊಸದನ್ನು ಹೇಳಿಕೊಡಿ, ಎಂದಳಂತೆ ಆ ಹುಡುಗಿ.

"ಬಿಡೋದು ಹೆಂಗೆ?" ಎಂದರು ಸಿಸ್ಟರ್. ಹಳೆಯ ವಿದ್ಯಾರ್ಥಿನಿಯರನ್ನೆಲ್ಲ ಒಂದು ದಿನ ಶಾಲೆಗೆ ಕರೆಸಿ ಎಂದು ಪ್ರಿನ್ಸಿಪಾಲರನ್ನು ಕೇಳಿದ್ದರು. ನಾವೇ ತಪ್ಪು ಹೇಳಿಕೊಟ್ಟೆವು ಎಂದು ಡಂಗುರ ಹೊಡೆಯಬೇಕೇ ಎಂದು ಅವರು ಗದರಿಸಿ ಕಳಿಸಿದರು. ಅದಕ್ಕೇ ಹಾಜರಿ ಪುಸ್ತಕಗಳಿಂದ ಎಲ್ಲರ ಹೆಸರು ಬರೆದುಕೊಂಡು, ಭಾನುವಾರಗಳಲ್ಲಿ ಒಬ್ಬೊಬ್ಬರ ಊರು ಹುಡುಕಿಕೊಂಡು ತಾವೇ ಹೊರಟಿದ್ದರು. ಗುಬ್ಬಿ ತಾಲ್ಲೂಕು ಮುಗಿಸಿ ಕುಣಿಗಲ್ ಕಡೆ ಹೋಗುವುದಿತ್ತು.

"ಒಂದು ಚೊಂಬು ನೀರು ತಗೊಂಡ್ ಬಾ. ಉಪ್ಪು, ಬೆಲ್ಲ ತಾ" ಎಂದರು. ತಂದುಕೊಟ್ಟೆ. ಮೂರು ಬೆರಳಲ್ಲಿ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲದ ಪುಡಿ ಹಾಕಿ ಕಲಸಿದರು. ನಾಲಿಗೆಗೆ ಹಚ್ಚಿ ನೋಡಿ, "ಕಣ್ಣೀರಿಗಿಂತ ಉಪ್ಪಾಗಿರ್ಬಾರ್ದು. ನೆನಪಿಟ್ಕೋ. ಭೇದಿ ಆದಾಗೆಲ್ಲ ಕುಡಿಸ್ತಾ ಇರ್ಬೇಕು" ಎಂದರು.

ಮೊರದ ಸದ್ದು ನಿಂತಿತ್ತು.

"ನೀರ್ ಕೊಡ್ಬೋದಾಗಿತ್ತಾ ಅಕ್ಕ?" ಎಂದಳು ಸೊಸೆ.

ಸಿಸ್ಟರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ತಿಳಿಯಿತು. ಎದ್ದು ಹೋಗಿ ಅವಳ ಎದುರು ನೆಲದ ಮೇಲೆ ಕೂತರು. "ತಪ್ಪು ನಂದು ಕಣಮ್ಮ. ಇವಳಿಗೆ ಹಂಗೆ ಹೇಳ್ಕೊಟ್ಟೋಳು ನಾನು" ಎಂದರು. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ಹೊತ್ತಿನಲ್ಲಿ ನನಗೆ ಬಂದದ್ದು ಸಿಟ್ಟು. ತೋಳು ಮಡಚಿ ಚುಚ್ಚು ಎಂದಿದ್ದ ಹೆಂಗಸಿನ ಮುಖ ನೋಡಿಯೇ, "ಯಾಕ್ ಬಂದ್ರಿ ಸಿಸ್ಟರ್? ಗೊತ್ತಿಲ್ದೆ ಇದ್ದಿದ್ರೆ ಹೆಂಗೋ ಬದುಕ್ತಿದ್ದೆ" ಎಂದುಬಿಟ್ಟೆ.

"ನಾಳೆ ಇನ್ನೊಂದು ಮಗು ಬರತ್ತಲ್ಲ ನಿನ್ನ ಹತ್ರ" ಎಂದರು, ಅಷ್ಟೇ. ಕೈಚೀಲ ತೆಗೆದುಕೊಂಡು ಬಿಸಿಲಿನಲ್ಲಿ ಬಸ್ ನಿಲ್ಲುವ ಕಡೆ ನಡೆದರು. ಅವರನ್ನು ಬಸ್ ಹತ್ತಿಸಿ ಬರಲು ನಾನು ಏಳಲಿಲ್ಲ. ಊಟಕ್ಕೂ ಇರಿ ಎನ್ನಲಿಲ್ಲ.

ಆ ಮನೆಯಲ್ಲಿ ಇರಲಾಗಲಿಲ್ಲ. ಕೇಳಿಕೊಂಡು ಕುಣಿಗಲ್ ತಾಲ್ಲೂಕಿನ ಅಮೃತೂರಿನ ಕಡೆಗೆ ವರ್ಗ ಮಾಡಿಸಿಕೊಂಡೆ. ಸಿಸ್ಟರ್ ಹೇಳಿದ ನೀರನ್ನು ಮನೆಮನೆಯಲ್ಲೂ ಕಲಸಿ ತೋರಿಸಿದೆ. ಮಕ್ಕಳು ಉಳಿದವು. ಸಿಸ್ಟರ್ ಆ ಕಡೆಗೂ ಬಂದುಹೋದದ್ದನ್ನು ಜೊತೆಯ ನರ್ಸುಗಳು ಹೇಳುತ್ತಿದ್ದರು. ಒಂದು ಊರಿನಲ್ಲಿ ಇವರ ಮಾತು ಕೇಳಿಸಿಕೊಂಡ ತಂದೆಯೊಬ್ಬ, ಹಾಗಾದರೆ ನನ್ನ ಮಗನನ್ನು ಕೊಂದವರು ನೀವೇ ಎಂದು ಜನ ಸೇರಿಸಿದನಂತೆ. ದೂರು ಶಾಲೆಗೆ ಹೋಯಿತು. ಸಿಸ್ಟರಿಗೆ ಪಾಠ ಮಾಡುವುದನ್ನು ತಪ್ಪಿಸಿ, ಹಾಸಿಗೆ ಹೊದಿಕೆಯ ಸ್ಟೋರಿಗೆ ಹಾಕಿದರು.

ಎಂಬತ್ತರ ಮೊದಲ ವರ್ಷಗಳಲ್ಲಿ ಒಮ್ಮೆ ಗುಬ್ಬಿ ಸಂತೆಯಲ್ಲಿ ಆ ಅಜ್ಜಿ ಸಿಕ್ಕರು. ನನ್ನ ಕೈ ಹಿಡಿದುಕೊಂಡು, "ಗಂಡುಮಗ ಆಯ್ತವ್ವ. ಅದ್ಕೂ ಅಂಗೇ ಭೇದಿ ಹತ್ಕಂಡಿತ್ತು. ನಮ್ ಸೊಸೆ ಯಾರ್ನೂ ಕೇಳ್ನಿಲ್ಲ. ಅವತ್ತು ನಿಮ್ ಮೇಡಮ್ಮು ಮಾಡುದ್ರಲ್ಲ, ಅಂಗೇ ಉಪ್ಪು ಬೆಲ್ಲದ್ ನೀರ್ ಮಾಡ್ಕಂಡು ಎರಡ್ ದಿನ ಮಗೀನ್ ಬಾಯಿಗೆ ಬುಡ್ತಾನೇ ಇದ್ಲು. ಉಳ್ಕತ್ತು" ಎಂದರು.

ಇದನ್ನು ಸಿಸ್ಟರಿಗೆ ಹೇಳಬೇಕಿತ್ತು. ಊರೂರು ಸುತ್ತಿ ಬೈಸಿಕೊಂಡವರಿಗೆ ಇದೊಂದು ಮಾತು ಮುಟ್ಟಬೇಕಿತ್ತು. ಮುಂದಿನ ತಿಂಗಳು ಮೀಟಿಂಗಿಗೆ ತುಮಕೂರಿಗೆ ಹೋದಾಗ ಶಾಲೆಯ ತನಕ ನಡೆದುಕೊಂಡೇ ಹೋದೆ. ಸ್ಟೋರಿನ ಕಿಟಕಿಯಿಂದ ಕಂಡರು. ತುಂಬಾ ಇಳಿದುಹೋಗಿದ್ದರು. ಸೀರೆಗೆ ಗಂಜಿ ಇರಲಿಲ್ಲ. ಒಬ್ಬರೇ ನಿಂತು ಬೆಡ್‌ಶೀಟ್ ಮಡಚುತ್ತಿದ್ದರು. ಅವತ್ತು ನಾನು ಆಡಿದ ಮಾತು ನೆನಪಾಯಿತು. ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ... ಬರುವ ತಿಂಗಳು ಹೇಳಿದರಾಯಿತು ಎಂದು ತಿರುಗಿ ಬಂದೆ. ಹಾಗೆ ಎಷ್ಟೋ ತಿಂಗಳು ಮುಂದೆ ಹಾಕಿದೆ. ಅವರು ನಿವೃತ್ತರಾಗಿ ತಮ್ಮನ ಊರಿಗೆ ಹೋದರೆಂದು ಒಮ್ಮೆ ಕೇಳಿದೆ. ಆಮೇಲೆ ತೀರಿಕೊಂಡರೆಂದು ಕೇಳಿದೆ. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ನಾನೂ ನಿವೃತ್ತಳಾಗಿ ಬಹಳ ವರ್ಷವಾಯಿತು. ಮೊನ್ನೆ ಆ ಶಾಲೆಯ ಮುಂದೆ ಆಟೋ ನಿಲ್ಲಿಸಿ ಒಳಗೆ ಹೋದೆ. ಕಟ್ಟಡ ಹೊಸದು. ಗೋಡೆಯ ಮೇಲೆ ಪ್ರಿನ್ಸಿಪಾಲರುಗಳ ಫೋಟೋಗಳಿವೆ, ಟ್ಯೂಟರುಗಳದ್ದಿಲ್ಲ. ಅಲ್ಲಿದ್ದ ಹುಡುಗಿಯೊಬ್ಬಳು, "ಯಾರ್ ಬೇಕಿತ್ತು ಆಂಟಿ?" ಎಂದಳು. ಯಾರೂ ಇಲ್ಲ ಎಂದು ಹೇಳಿ ಬಂದೆ. ಅವತ್ತು ಉಳಿದ ಆ ಮಗು ಈಗ ನಲವತ್ತು ದಾಟಿದ ಗಂಡಸಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನೊಬ್ಬ ಇದ್ದಾನೆ ಎಂಬುದು ಗೊತ್ತಿಲ್ಲದೆಯೇ ಸಿಸ್ಟರ್ ಹೋದರು.