ರಾಯ್ನಾ ಮಡಚಿದ ಹಿಟ್ಟು

ರೂಸೆ ಊರಿನ ಟ್ರಾಲಿಬಸ್ ಓಡಿಸಿಯೇ ತೀರುತ್ತೇನೆಂದು ನಲವತ್ತಾರನೆಯ ವಯಸ್ಸಿನಲ್ಲಿ ಹಟ ಹಿಡಿದವಳು ನಮ್ಮ ರಾಯ್ನಾ. ಬಾನಿತ್ಸಾ ಎಂಬ ಪದರು ಪದರಾದ ತಿಂಡಿ ಮಾರುವ ನನ್ನ ಅಂಗಡಿಯಲ್ಲಿ ಬೆಣ್ಣೆ ಹಚ್ಚಿ ಹಿಟ್ಟು ಮಡಚುವವಳು. ಲೈಸೆನ್ಸಿಗೆ ಹತ್ತನೇ ತರಗತಿ ಪಾಸಾಗಿರಬೇಕು. ಸಂಜೆ ಶಾಲೆಯಲ್ಲಿ ಎಲ್ಲ ದಾಟಿದಳು, ಗಣಿತದಲ್ಲಿ ಮಾತ್ರ ಡುಮ್ಕಿ. ಈ ವಸಂತದಲ್ಲೂ ಫೇಲಾದರೆ ಚಾಲಕರ ತರಬೇತಿಯ ಜಾಗ ಬೇರೆಯವರ ಪಾಲು.

ಅವಳ ಅತ್ತೆ ಸ್ತಾನ್ಕಾ ಬೇರೆ. ಪರೀಕ್ಷೆಗೆ ಹೊರಟವರ ಮುಂದೆ ಹೊಸ್ತಿಲಲ್ಲಿ ತಾಮ್ರದ ಚೊಂಬಿನಿಂದ ನೀರು ಚೆಲ್ಲುವುದು ನಮ್ಮಲ್ಲಿ ವಾಡಿಕೆ, ಕೆಲಸ ಸರಾಗವಾಗಲಿ ಎಂದು. ಹೋದ ಸಲ ಆ ಮುದುಕಿ ಚೊಂಬನ್ನೇ ಮುಟ್ಟಲಿಲ್ಲ. "ಮೊಮ್ಮಕ್ಳನ್ನ ಎತ್ತೋ ವಯಸ್ಸಲ್ಲಿ ಪರೀಕ್ಷೆಯಂತೆ! ಬೀದಿಯೋರು ನಗ್ತಾರೆ," ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಪರೀಕ್ಷೆಯ ಹಿಂದಿನ ದಿನ ರಾಯ್ನಾ ಹಿಟ್ಟಿನ ಮುಂದೆ ಅಳುತ್ತ ನಿಂತಿದ್ದಳು.

"ಎರಡರ ಘಾತ ಮೂರು, ಗುಣಿಸು ಎರಡರ ಘಾತ ಎರಡು. ಗುಣಿಸು ಅಂತಾನೇ ಇದ್ಯಲ್ಲಕ್ಕಾ, ಮೇಲಿನ ಅಂಕಿನೂ ಗುಣಿಸಿ ಆರು ಅಂದೆ. ತಪ್ಪಂತೆ! ಕೂಡಬೇಕಂತೆ, ಐದಂತೆ. ಯಾಕೆ ಅಂತ ತಲೇಗೇ ಹೋಗ್ತಿಲ್ಲ."

"ನನ್ನ ಕೇಳಿದ್ರೆ? ನಾನೇನು ಮೇಷ್ಟ್ರಾ? ಮೊದ್ಲು ಮಡಚೇ, ಬೆಣ್ಣೆ ಕರಗ್ತಿದೆ!"

ಗೊಣಗುತ್ತ ಮಡಚಿದಳು. ಎರಡು ಪದರ, ನಾಲ್ಕು, ಎಂಟು. ಅದನ್ನು ತಣ್ಣಗಿಟ್ಟು ತೆಗೆದು ಮತ್ತೆರಡು ಸಲ ಮಡಚಬೇಕು. ಮಡಚಿದವಳು ಹಾಗೇ ನಿಂತುಬಿಟ್ಟಳು.

"ಅಕ್ಕಾ! ಎಂಟು ಪದರ ಇತ್ತು, ನಾಲ್ಕು ಪಟ್ಟಾಗಿ ಮೂವತ್ತೆರಡಾಯ್ತು. ಪದರ ಗುಣಿಸ್ಕೊಂಡ್ವು. ಆದ್ರೆ ನಾನು ಮಡಚಿದ್ದು? ಆಗ ಮೂರು, ಈಗ ಎರಡು, ಐದೇ ಸಲ! ಆ ಮೇಲಿನ ಅಂಕಿ ಮಡಚಿದ ಲೆಕ್ಕ ಕಣಕ್ಕಾ!"

ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿ ಕುಣಿಸಿಬಿಟ್ಟಳು. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡಿದರು. ಏನು ಖುಷಿ ಅಂತೀರಿ!

ಮರುದಿನ ಅವಳನ್ನು ಕರೆದೊಯ್ಯಲು ಹೋದೆ. ಹೊಸ್ತಿಲು ಒಣಗಿಕೊಂಡೇ ಇತ್ತು. ರಾಯ್ನಾ ಅದನ್ನು ದಾಟಿ ಬಂದಳು.

ಮೌಖಿಕ ಪರೀಕ್ಷೆ, ನಾನು ಬಾಗಿಲಲ್ಲೇ ನಿಂತೆ. ಮೇಷ್ಟ್ರು ಹಲಗೆಯ ಮೇಲೆ ಎಕ್ಸ್ ಘಾತ ನಾಲ್ಕು, ಎಕ್ಸ್ ಘಾತ ಮೂರು ಎಂದು ಬರೆದು ಗುಣಿಸಲು ಹೇಳಿದರು. ಅಯ್ಯೋ, ಅಂಕಿಯ ಜಾಗದಲ್ಲಿ ಎಕ್ಸ್! ರಾಯ್ನಾ ಗಾಳಿಯಲ್ಲೇ ಏನನ್ನೋ ಮಡಚತೊಡಗಿದಳು.

"ಏನಮ್ಮಾ ಅದು?"

"ಹಿಟ್ಟು ಸಾರ್. ಒಂದೊಂದು ಸಲಕ್ಕೆ ಎಷ್ಟು ಪಟ್ಟಾಗುತ್ತೋ ನಂಗೊತ್ತಿಲ್ಲ, ಅದು ಎಕ್ಸ್. ಮಡಚಿದ್ದು ಮಾತ್ರ ಏಳು ಸಲ. ಎಕ್ಸ್ ಘಾತ ಏಳು!"

ಮೇಷ್ಟ್ರು ನಗುತ್ತಲೇ ಪಾಸು ಮಾಡಿದರು. ನಾನು ಬಾಗಿಲಲ್ಲೇ ಚಪ್ಪಾಳೆ ತಟ್ಟಿ ಬೈಸಿಕೊಂಡೆ.

ತರಬೇತಿ ಮುಗಿಸಿ ರಾಯ್ನಾ ಮೊದಲ ದಿನ ಟ್ರಾಲಿಬಸ್ಸನ್ನು ನಮ್ಮ ಬೀದಿಗೆ ತಂದಾಗ, ನಿಲ್ದಾಣದಲ್ಲಿ ಸ್ತಾನ್ಕಾ ತಾಮ್ರದ ಚೊಂಬು ಹಿಡಿದು ನಿಂತಿದ್ದಳು. ನಿಂತ ಬಸ್ಸಿನ ಮುಂದೆ ಎಲ್ಲರೂ ನೋಡುವಂತೆ ನೀರು ಸುರಿದಳು.

"ಏನ್ ನೋಡ್ತೀರಿ? ನನ್ ಸೊಸೆ ಕಣ್ರೋ!"

ರಾಯ್ನಾ ಕಣ್ಣೊರೆಸಿಕೊಳ್ಳುತ್ತ ಬಾಗಿಲು ತೆರೆದಳು.

"ಹತ್ತಿ ಅತ್ತೆ. ಟಿಕೆಟ್ ಮಾತ್ರ ತಗೋಬೇಕು."