ಸಂತೆಯ ದಿನದ ಸೂಜಿ

ಕಾಫಿ ಹಣ್ಣಿನ ಪಿಕಿಂಗ್ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಇವರ ಕಾಲಿಗೆ ಗಮ್‌ಬೂಟು ಹತ್ತಲಿಲ್ಲ. ಎಳೆದರು, ಬೈದರು, ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋದರು. ನನ್ನ ಗಂಡ ಹುದಿಕೇರಿ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್. ಕೆಲಸದವರ ಹಾಜರಿ, ಕಾಫಿಯ ತೂಕ ಎಲ್ಲ ಇವರದೇ. ದಿನವಿಡೀ ಗುಡ್ಡ ಹತ್ತಿ ಇಳಿಯುವ ಮನುಷ್ಯನ ಕಾಲು ಊದಿದ್ದಕ್ಕೆ ನಾನೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಮುಖ ಊದಿತು. ಊಟ ಸೇರಲಿಲ್ಲ. ಮೂತ್ರ ಕಡಿಮೆಯಾಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್, ಸ್ಕ್ಯಾನಿಂಗ್ ಎಲ್ಲ ಆಯಿತು. ಡಾಕ್ಟರ್ ರಿಪೋರ್ಟ್ ನೋಡಿ ನನ್ನನ್ನೇ ಕೇಳಿದರು, "ನೋವಿನ ಮಾತ್ರೆ ಎಷ್ಟು ವರ್ಷದಿಂದ ತಗೊಳ್ತಿದ್ದಾರೆ?"

ಎರಡೂ ಕಿಡ್ನಿ ಸೋತಿದ್ದವು.

ನಾನು ಎಂತ ಹೇಳುವುದು? ಸಂತೆಯ ದಿನ ಗೋಣಿಕೊಪ್ಪಲಿಗೆ ಹೋದವರು ತರಕಾರಿ ತರುತ್ತಾರೆ, ಒಣಮೀನು ತರುತ್ತಾರೆ, ಹಾಗೆಯೇ ಕ್ಲಿನಿಕ್ಕಿಗೆ ಹೋಗಿ ಸೊಂಟಕ್ಕೊಂದು ಸೂಜಿ ಹಾಕಿಸಿಕೊಂಡು ಬರುತ್ತಾರೆ. ಜ್ವರಕ್ಕೂ ಸೂಜಿ, ಮಂಡಿನೋವಿಗೂ ಸೂಜಿ. ಜೊತೆಗೆ ಮುಂದಿನ ಸಂತೆಯವರೆಗೆ ಮಾತ್ರೆ. ಮರುದಿನ ಪಿಕಿಂಗಿಗೆ ಎದ್ದು ನಡೆಯುವಂತಾದರೆ, "ಡಾಕ್ಟ್ರ ಕೈಗುಣ ಒಳ್ಳೇದುಂಟು" ಎನ್ನುತ್ತಾರೆ. ಇವರ ಮಂಡಿ ಹಾಗೆಯೇ ಎಷ್ಟೋ ಪಿಕಿಂಗ್ ದಾಟಿತ್ತು.

ಇದನ್ನೆಲ್ಲ ಕೇಳಿದ ಮೈಸೂರಿನ ಡಾಕ್ಟರ್ ಹೇಳಿದರು, "ಅಮ್ಮ, ದೇಶದಲ್ಲೆಲ್ಲಾ ಈ ಮಾತ್ರೆ ಬೇಕಾದ್ದಕ್ಕಿಂತ ಜಾಸ್ತಿನೇ ಬರೀತಾರೆ. ನಿಮ್ಮ ಊರಿಂದ ಬರೋ ಚೀಟಿಗಳನ್ನ ನೋಡಿದ್ರೆ ದೇಶದ ಸರಾಸರಿನೇ ಎಷ್ಟೋ ವಾಸಿ ಅನ್ಸುತ್ತೆ."

ಬೇರೆ ಯಾವುದೋ ಊರಿನಲ್ಲಿದ್ದಿದ್ದರೆ ಇದೇ ಮಂಡಿಗೆ ಇಷ್ಟು ಮಾತ್ರೆ ಬೀಳುತ್ತಿರಲಿಲ್ಲವೇನೋ ಎಂದು ಡಯಾಲಿಸಿಸ್ ಕೋಣೆಯ ಹೊರಗೆ ಕೂತು ಯೋಚಿಸಿದೆ. ಒಳಗೆ ಇವರ ರಕ್ತ ಮಿಷನ್ನಿನಲ್ಲಿ ಸುತ್ತುತ್ತಿತ್ತು.

ಊರಿಗೆ ಬಂದವಳು ನೇರ ಗೋಣಿಕೊಪ್ಪಲಿನ ಆ ಕ್ಲಿನಿಕ್ಕಿಗೆ ಹೋದೆ. ಜಗಳಕ್ಕೇ ಹೋದದ್ದು. ವಯಸ್ಸಾದ ಡಾಕ್ಟರ್ ರಿಪೋರ್ಟನ್ನು ನಿಧಾನಕ್ಕೆ ಓದಿದರು.

"ಸೂಜಿ ಹಾಕದಿದ್ರೆ ನೀವು ಬರ್ತಿದ್ರಾ? ಎದುರಿನ ಬಿಲ್ಡಿಂಗಲ್ಲಿ ಒಬ್ರು ಲೇಡಿ ಡಾಕ್ಟ್ರು ಕೂತಿದ್ರು. ರೆಸ್ಟ್ ಮಾಡಿ ಅಂತ ಹೇಳಿ ಕಳಿಸ್ತಿದ್ರು. ಅವರ ಕ್ಲಿನಿಕ್ ಮುಚ್ಚಿಸಿದ್ದು ಯಾರು?"

"ನಮಗೆ ಗೊತ್ತಿರ್ಲಿಲ್ಲ ಡಾಕ್ಟ್ರೇ. ನಿಮಗೆ ಗೊತ್ತಿತ್ತಲ್ಲ," ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಹೊರಗಿನ ಬೆಂಚಿನಲ್ಲಿ ನಮ್ಮ ಎಸ್ಟೇಟಿನ ಲೈನ್ ಮನೆಗಳ ಕೂಲಿ ಹೆಂಗಸರೇ ಸೊಂಟ ಹಿಡಿದುಕೊಂಡು ಕಾಯುತ್ತಿದ್ದರು. "ರೈಟ್ರು ಹೇಗಿದ್ದಾರೆ ಅಕ್ಕ?" ಎಂದು ಕೇಳಿದರು. ಆದದ್ದನ್ನೆಲ್ಲ ಹೇಳಿದೆ. ಅಯ್ಯೋ ಪಾಪ ಎಂದರು. ಯಾರೂ ಎದ್ದು ಹೋಗಲಿಲ್ಲ. ನನಗೆ ಸಿಟ್ಟು ಬರಲಿಲ್ಲ, ಮರುದಿನ ಅವರು ಗುಡ್ಡ ಹತ್ತಬೇಕಿತ್ತು.

ಈಗ ಡಯಾಲಿಸಿಸ್ ನಿಂತಿದೆ. ಕಿಡ್ನಿ ಸ್ವಲ್ಪ ಚೇತರಿಸಿಕೊಂಡಿದೆ, ಪೂರ್ತಿ ಅಲ್ಲ. ಇನ್ನು ಆ ಮಾತ್ರೆ ಮುಟ್ಟಿದರೆ ಮಿಷನ್ನೇ ಗತಿ ಎಂದಿದ್ದಾರೆ. ಇವರು ಗುಡ್ಡ ಹತ್ತುವುದಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಕುರ್ಚಿ ಹಾಕಿಕೊಂಡು ತೂಕ ನೋಡುತ್ತಾರೆ. ಒಣಮೀನು ಮನೆಗೆ ಬರುವುದಿಲ್ಲ. ಉಪ್ಪು ಕಡಿಮೆಯ ಸಾರಿಗೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ಎದುರಿಗೆ ಕೂತು ಉಣ್ಣುತ್ತಿದ್ದಾರಲ್ಲ, ನನಗಷ್ಟು ಸಾಕು.

ಮತ್ತೆ ಪಿಕಿಂಗ್ ಶುರುವಾಗಿದೆ. ಚಳಿಗೆ ಮಂಡಿ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅಮ್ಮಾ ಎಂದು ನರಳುತ್ತಾರೆ. ಬಿಸಿನೀರಿನ ಚೀಲ ಒತ್ತುತ್ತಾ ನನಗೂ ಅಳು ಬರುತ್ತದೆ.

ಆದರೆ ನರಳದೆ ಎದ್ದ ದಿನ ನನಗೆ ಹೆದರಿಕೆ. ಇವರು ಸ್ನಾನಕ್ಕೆ ಹೋದಾಗ ಅಂಗಿಯ ಜೇಬು ತಡಕುತ್ತೇನೆ.